ಜಲಮಾರ್ಗ 75: ಕೋಡಿಯಿಂದ ಕೋಡಿಗೆ ಇಳಿಯುವ ಪಾಲಾರ್

ಮುಳಬಾಗಿಲು ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿಯ ನಂಬರು 75. ಬಂಟ್ವಾಳದಲ್ಲಿ ನೇತ್ರಾವತಿಯ ಮಗ್ಗುಲಿಂದ ಹೊರಟು, ಶಿರಾಡಿ ಘಾಟಿ ಹತ್ತಿ, ಸಕಲೇಶಪುರ, ಹಾಸನ, ಬೆಂಗಳೂರು, ಕೋಲಾರ ದಾಟಿ, ಮುಳಬಾಗಿಲಿನಿಂದ ವೆಂಕಟಗಿರಿಕೋಟೆಯ ಕಡೆ ಇಳಿದು, ಕೊನೆಗೆ ಪಾಲಾರ್ ದಂಡೆಯ ವೇಲೂರಿನಲ್ಲಿ ಮುಗಿಯುತ್ತದೆ. ಟೊಮೆಟೊ ಲಾರಿಯವರಿಂದ ಹಿಡಿದು ತಿರುಪತಿಗೆ ಹೋಗುವ ಭಕ್ತರವರೆಗೆ ಎಲ್ಲರಿಗೂ ಗೊತ್ತಿರುವ ದಾರಿ ಇದು. ಇನ್ನೊಂದು 75 ಇದೆ, ಅದರ ಸುದ್ದಿ ಯಾರಿಗೂ ಗೊತ್ತಿಲ್ಲ. 2016ರಲ್ಲಿ ಸಂಸತ್ತು ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆ ಮಾಡಿ, ದೇಶದ 111 ನದಿ, ಕಾಲುವೆ, ಹಿನ್ನೀರುಗಳನ್ನು ಹಡಗು ಓಡುವ ದಾರಿಗಳೆಂದು ಪಟ್ಟಿ ಮಾಡಿತು. ಹಳೆಯ ಐದನ್ನು ಬಿಟ್ಟರೆ ಉಳಿದವು ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ ಕೂತಿವೆ. ಹಾಗೆ ಕೂತಾಗ 74ನೆಯದು ನೇತ್ರಾವತಿ, ಅದರ ಬೆನ್ನಿಗೇ 75ನೆಯದು ಪಾಲಾರ್. ವೇಲೂರಿನ ಪಕ್ಕದ ವಿರುದಂಪಟ್ಟು ರೈಲ್ವೆ ಸೇತುವೆಯಿಂದ ಸದುರಂಗಪಟ್ಟಿನಂ ಬಳಿ ಬಂಗಾಳ ಕೊಲ್ಲಿ ಸೇರುವವರೆಗೆ, ಸುಮಾರು 142 ಕಿಲೋಮೀಟರ್.

ವೇಲೂರಿನ ಆ ಸೇತುವೆಯ ಕೆಳಗೆ ವರ್ಷದ ಬಹುಪಾಲು ದಿನ ಮರಳು, ಜಾಲಿ, ಅಲ್ಲಲ್ಲಿ ಚರಂಡಿಯ ಹರಿವು. ಬೇಕಾದರೆ ಕ್ರಿಕೆಟ್ ಆಡಬಹುದು, ದೋಣಿ ಬಿಡಲಾಗದು. ಕೋಲಾರದವರಿಗೆ ಇದರಲ್ಲಿ ಇನ್ನೂ ಒಂದು ತಮಾಷೆ ಇದೆ. ಜಿಲ್ಲೆಯಲ್ಲಿ ಜೀವನದಿ ಒಂದೂ ಇಲ್ಲ ಎಂದು ಪ್ರೈಮರಿ ಶಾಲೆಯಿಂದಲೇ ಬಾಯಿಪಾಠ ಮಾಡಿದವರು ನಾವು. ಆದರೆ ಜಿಲ್ಲೆಯ ಮಳೆನೀರು ಇಳಿದು ಹೋಗುವ ಮೂರು ನದಿಗಳೂ ಆ ಪಟ್ಟಿಯಲ್ಲಿವೆ. ಮಾಲೂರಿನ ನೀರು ಹೋಗುವುದು ದಕ್ಷಿಣ ಪಿನಾಕಿನಿಗೆ. ಪೊನ್ನಿಯಾರ್ ಎಂಬ ಹೆಸರಲ್ಲಿ ಅದು ಜಲಮಾರ್ಗ 80. ಶ್ರೀನಿವಾಸಪುರದ ಉತ್ತರದ ಹಳ್ಳಗಳು ಪಾಪಾಗ್ನಿ ಹಿಡಿದು ಉತ್ತರ ಪಿನಾಕಿನಿ ಸೇರುತ್ತವೆ. ಪೆನ್ನಾರ್ ಎಂಬ ಹೆಸರಲ್ಲಿ ಅದು ಜಲಮಾರ್ಗ 79. ಕೋಲಾರ, ಮುಳಬಾಗಿಲು, ಬಂಗಾರಪೇಟೆಗಳ ಬಹುಪಾಲು ನೀರು ಪಾಲಾರ್ ಪಾಲು. ಮೂರಕ್ಕೆ ಮೂರೂ ಕೇಂದ್ರ ಸರ್ಕಾರದ ಕಾಗದದಲ್ಲಿ ಹಡಗು ದಾರಿಗಳು. ಮೇಲಿನ ಊರುಗಳಲ್ಲಿ ಕುಡಿಯಲು ಟ್ಯಾಂಕರ್, ಕೆಳಗಿನ ಊರುಗಳಲ್ಲಿ ಹಡಗು!

ನಗುವುದು ಸುಲಭ. ಆದರೆ ಪಾಲಾರ್ ದೋಣಿ ಹೊರದ ನದಿ ಎಂದಮಾತ್ರಕ್ಕೆ ಅದನ್ನು ಯಾರೂ ನಡೆಸಿಲ್ಲ ಎಂದರ್ಥವಲ್ಲ. ಸಾವಿರ ವರ್ಷಕ್ಕೂ ಮೇಲ್ಪಟ್ಟು ಈ ನದಿಯನ್ನು ಹೆಜ್ಜೆಹೆಜ್ಜೆಗೂ ನಿಲ್ಲಿಸಿ, ತಿರುಗಿಸಿ, ಇಳಿಸಿ, ಒಂದೊಂದು ಊರಿನವರು ಒಂದೊಂದು ಗೇಣು ಲೆಕ್ಕ ಇಟ್ಟು ನಡೆಸಿದ್ದಾರೆ. ಯುರೋಪಿನವರು ತಮ್ಮ ರೈನ್ ನದಿಯಲ್ಲಿ ದೋಣಿ ನಡೆಸಲು ಪಟ್ಟ ಪಾಡನ್ನೇ ಇಲ್ಲಿಯವರು ನೀರನ್ನೇ ನಡೆಸಲು ಪಟ್ಟರು. ಅದನ್ನು ನೋಡಲು ಆವನಿ ಬೆಟ್ಟಕ್ಕಿಂತ ಒಳ್ಳೆಯ ಜಾಗ ಇಲ್ಲ.

ಬೆಟ್ಟದ ಮೇಲಿಂದ

ಮುಳಬಾಗಿಲಿನಿಂದ ನೈಋತ್ಯಕ್ಕೆ ಹದಿಮೂರು ಕಿಲೋಮೀಟರ್ ಆಸುಪಾಸಿನಲ್ಲಿ ಆವನಿ. ತಪ್ಪಲಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪು: ರಾಮ, ಲಕ್ಷ್ಮಣ, ಭರತ, ಶತ್ರುಘ್ನ ಒಬ್ಬೊಬ್ಬರ ಹೆಸರಲ್ಲೂ ಒಂದೊಂದು ಲಿಂಗ. ಮೇಲೆ ಸೀತೆಯ ಗುಡಿ. ವಾಲ್ಮೀಕಿಯ ಆಶ್ರಮ ಇದ್ದದ್ದು ಇಲ್ಲೇ, ಲವಕುಶರು ಹುಟ್ಟಿದ್ದು ಇಲ್ಲೇ ಎನ್ನುವುದು ಊರಿನ ನಂಬಿಕೆ. ಮೆಟ್ಟಿಲು ಹತ್ತುವಾಗ ಸಿಗುವ ಒಂದೊಂದು ಗುಂಡಿಗೂ, ಒಂದೊಂದು ಬಿರುಕಿಗೂ ರಾಮಾಯಣದ ಒಂದು ಸನ್ನಿವೇಶ ಅಂಟಿಕೊಂಡಿದೆ. ಬಂಡೆಯ ತಗ್ಗುಗಳಲ್ಲಿ ನಿಂತ ಮಳೆನೀರಿನ ದೊಣೆಗಳಿಗೂ ಅಷ್ಟೆ.

ತುದಿಯಲ್ಲಿ ನಿಂತು ಸುತ್ತ ನೋಡಿದರೆ ನದಿ ಕಾಣುವುದಿಲ್ಲ. ಕಾಣುವುದು ಬೋಳು ಕಲ್ಲುಗುಡ್ಡಗಳು, ನೀಲಗಿರಿ ತೋಪುಗಳು, ಈಚೆಗೆ ಹೆಚ್ಚಾದ ಪಾಲಿಹೌಸುಗಳ ಬಿಳಿ, ಮತ್ತೆ ಕೆರೆಗಳು. ಮಳೆ ಚೆನ್ನಾಗಿ ಬಂದ ವರ್ಷದ ಕಾರ್ತಿಕದಲ್ಲಿ ಹತ್ತಿದರೆ ಕೆರೆಗಳು ಹೊಳೆಯುತ್ತವೆ. ಬೇಸಿಗೆಯಲ್ಲಿ ಹತ್ತಿದರೆ ಅವುಗಳ ಆಕಾರ ಮಾತ್ರ ಕಾಣುತ್ತದೆ, ಒಂದು ಕಡೆ ಬಾಗಿದ ಏರಿ, ಉಳಿದ ಕಡೆ ಜಾಲಿ. ಎರಡು ಕೆರೆಗಳ ನಡುವೆ ಕಣ್ಣು ಕಿರಿದು ಮಾಡಿ ನೋಡಿದರೆ ಹಸಿರಿನ ಒಂದು ಎಳೆ ಸಿಗುತ್ತದೆ. ಹೊಂಗೆ, ಲಕ್ಕಿ, ಆಪು ಬೆಳೆದ ಹಳ್ಳ. ಮೇಲಿನ ಕೆರೆಯ ಕೋಡಿಯಿಂದ ಹೊರಟು ಕೆಳಗಿನ ಕೆರೆಯ ಅಂಗಳಕ್ಕೆ ಮುಗಿಯುತ್ತದೆ. ಆ ಎಳೆಗಳನ್ನೆಲ್ಲ ಗಂಟು ಹಾಕಿಕೊಂಡು ಹೋದರೆ ಸಿಗುವುದೇ ಪಾಲಾರ್.

ನಂದಿ ಬೆಟ್ಟದ ಸುತ್ತಲ ಎತ್ತರದ ನೆಲದಿಂದ ನದಿಗಳು ದಿಕ್ಕಿಗೊಂದರಂತೆ ಹೊರಡುತ್ತವೆ: ಅರ್ಕಾವತಿ, ಎರಡೂ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ. ಪಾಲಾರ್ ಮೂಲವನ್ನು ಚಿಂತಾಮಣಿ ಸೀಮೆಯ ತಲಗವಾರದ ಬಳಿ ಗುರುತಿಸುವುದು ರೂಢಿ. ಅಲ್ಲಿಂದ ಕೋಲಾರದ ಪೂರ್ವಕ್ಕೆ ಇಳಿದು, ಬೇತಮಂಗಲ, ರಾಮಸಾಗರದ ದೊಡ್ಡ ಕೆರೆಗಳನ್ನು ತುಂಬಿ, ಕುಪ್ಪಂ ಸೀಮೆಯಲ್ಲಿ ಆಂಧ್ರಕ್ಕೆ ಕಾಲಿಟ್ಟು, ವಾಣಿಯಂಬಾಡಿಯ ಮೇಲೆ ತಮಿಳುನಾಡಿಗೆ ಬರುತ್ತದೆ. ಒಟ್ಟು 348 ಕಿಲೋಮೀಟರ್ ಉದ್ದ. ಕರ್ನಾಟಕದಲ್ಲಿ 93, ಆಂಧ್ರದಲ್ಲಿ 33, ಉಳಿದ 222 ತಮಿಳುನಾಡಿನಲ್ಲಿ. ಅಂಬೂರು, ವೇಲೂರು, ಆರ್ಕಾಟು, ಕಾಂಚೀಪುರದ ಸೀಮೆ ದಾಟಿ, ಕಲ್ಪಾಕ್ಕಂ ಹತ್ತಿರ ಸಮುದ್ರ.

ದೋಣಿ ಯಾಕೆ ಬರಲಿಲ್ಲ ಎನ್ನುವುದಕ್ಕೆ ಈ ಅಂಕಿಗಳಲ್ಲೇ ಉತ್ತರ ಇದೆ. ಎಂಟುನೂರು-ಒಂಬೈನೂರು ಮೀಟರ್ ಎತ್ತರದ ಬಯಲಿನಿಂದ ಸಮುದ್ರಕ್ಕೆ ಮುನ್ನೂರೈವತ್ತು ಕಿಲೋಮೀಟರಿನೊಳಗೆ ಇಳಿಯಬೇಕು. ಅಂದರೆ ಸರಾಸರಿ ಕಿಲೋಮೀಟರಿಗೆ ಎರಡೂವರೆ ಮೀಟರ್. ರೈನ್ ನದಿಯಲ್ಲಿ ಹಡಗು ಓಡಾಡುವ ಭಾಗ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಶುರುವಾಗುತ್ತದೆ. ಅಲ್ಲಿ ಎತ್ತರ ಸುಮಾರು 250 ಮೀಟರ್. ಸಮುದ್ರ ಎಂಟುನೂರು ಕಿಲೋಮೀಟರಿಗೂ ಆಚೆ. ಕಿಲೋಮೀಟರಿಗೆ ಒಂದಡಿಯಷ್ಟು ಇಳಿಜಾರು. ಜೊತೆಗೆ ಬೇಸಿಗೆಯಲ್ಲಿ ಆಲ್ಪ್ಸ್ ಹಿಮ ಕರಗಿ ಬರುತ್ತದೆ, ಚಳಿಗಾಲದಲ್ಲಿ ಕೆಳಗಿನ ಉಪನದಿಗಳ ಮಳೆನೀರು ಬರುತ್ತದೆ. ಒಬ್ಬರು ರಜೆ ಹಾಕಿದಾಗ ಇನ್ನೊಬ್ಬರು ಕೆಲಸಕ್ಕೆ. ನಮಗೆ ಹಿಮ ಇಲ್ಲ. ವರ್ಷಕ್ಕೆ 740 ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲಿ ಹಳ್ಳ ಹರಿಯುವಷ್ಟು ಜೋರಾಗಿ ಬೀಳುವುದು ಸೆಪ್ಟೆಂಬರಿನಿಂದ ನವೆಂಬರಿನೊಳಗಿನ ಕೆಲವೇ ದಿನ. ಕಲ್ಲುನೆಲ, ಕಡಿದಾದ ಇಳಿಜಾರು. ಬಿಟ್ಟರೆ ಒಂದು ರಾತ್ರಿಯಲ್ಲಿ ಹೋಗಿಬಿಡುವ ನೀರು. ಹಿಡಿಯದೆ ಗತಿ ಇರಲಿಲ್ಲ.

ಹಿಡಿದವರ ಹೆಸರು ಬೆಟ್ಟದ ಬುಡದಲ್ಲೇ ಕಲ್ಲಿನಲ್ಲಿದೆ. ಆವನಿಯ ಶಾಸನವೊಂದು ತ್ರಿಭುವನಕರ್ತಾರ ಎಂಬ ಯತಿಯ ಬಗ್ಗೆ ಹೇಳುತ್ತದೆ. ಕ್ರಿ.ಶ. 961ರಲ್ಲಿ ತೀರಿಕೊಂಡ ಈತ ನಲವತ್ತು ವರ್ಷ ಆವನಿಯ ಸ್ಥಾನವನ್ನು ಆಳಿ, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನಂತೆ. ಐವತ್ತು ಗುಡಿಗೆ ಎರಡೇ ಕೆರೆ ಎಂದು ಮೂಗು ಮುರಿಯುವ ಹಾಗಿಲ್ಲ. ಗುಡಿ ಕಟ್ಟಲು ಕಲ್ಲುಕುಟಿಗರು ಸಾಕು. ದೊಡ್ಡ ಕೆರೆ ಕಟ್ಟಲು ಮೇಲಿನ ಊರಿನ ಒಪ್ಪಿಗೆ ಬೇಕು, ಕೆಳಗಿನ ಊರಿನ ಸಹನೆ ಬೇಕು, ಕೋಡಿ ಎಷ್ಟು ಎತ್ತರ ಇರಬೇಕು ಎಂಬ ಜಗಳ ಮುಗಿಸುವ ಗಟ್ಟಿ ಧ್ವನಿ ಬೇಕು.

ಮೆಟ್ಟಿಲು ಕಟ್ಟುವ ಎರಡು ವಿದ್ಯೆ

ಕೋಡಿಯ ಎತ್ತರ ಎಂದರೆ ಏನು ಎಂದು ಊರಲ್ಲಿ ಹುಟ್ಟಿ ಬೆಳೆದವರಿಗೆ ಹೇಳಬೇಕಿಲ್ಲ. ಕೋಡಿಯ ಮೇಲೆ ಒಂದು ಸಾಲು ಕಲ್ಲು ಹೆಚ್ಚಿಗೆ ಇಟ್ಟರೆ ಮೇಲಿನ ಊರಿನ ಹೊಲ ಮುಳುಗುತ್ತದೆ, ಕೆಳಗಿನ ಊರಿನ ಕೆರೆಗೆ ನೀರು ತಡವಾಗುತ್ತದೆ. ಒಂದು ಸಾಲು ಕಿತ್ತರೆ ನಮ್ಮ ಅಚ್ಚುಕಟ್ಟಿನ ಕೊನೆಯ ಗದ್ದೆ ಒಣಗುತ್ತದೆ. ಏರಿಯ ಒಳಗೆ ತೂಬು. ಎರಡು ಕಲ್ಲುಕಂಬ, ನಡುವೆ ಅಡ್ಡಪಟ್ಟಿ, ಅದರ ತೂತಿನಲ್ಲಿ ಇಳಿಬಿಟ್ಟ ಮರದ ದಿಂಡು. ದಿಂಡಿನ ತುದಿಯ ಬೆಣೆಯನ್ನು ಎಷ್ಟು ಎತ್ತಬೇಕು, ಯಾವ ದಿನ, ಯಾವ ಗದ್ದೆಗೆ ಎಷ್ಟು ಹೊತ್ತು ಎಂಬುದು ನೀರುಗಂಟಿಯ ಕೈಯಲ್ಲಿ. ಕೆರೆಗೆ ಇಳಿದು ಮುಳುಗು ಹಾಕಿ ಬೆಣೆ ಸಡಿಲಿಸುವವನೂ ಅವನೇ, ಇಳುವರಿಯಲ್ಲಿ ಇಷ್ಟು ಕೊಳಗ ಎಂದು ಪಾಲು ಪಡೆಯುವವನೂ ಅವನೇ. ಅವನ ಜಾತಿಯನ್ನು ಊರಿನ ಅಂಚಿಗೆ ತಳ್ಳಿದ್ದವರು ನೀರಿನ ಲೆಕ್ಕವನ್ನು ಮಾತ್ರ ಅವನಿಗೇ ಬಿಟ್ಟಿದ್ದರು. ಅವನಿಗೆ ಜಮೀನು ಕಡಿಮೆ ಇದ್ದದ್ದರಿಂದ ನೀರಿನ ಹಂಚಿಕೆಯಲ್ಲಿ ಸ್ವಂತ ಲಾಭವೂ ಕಡಿಮೆ ಎಂಬ ಲೆಕ್ಕ ಅದರಲ್ಲಿ ಇದ್ದಿರಬೇಕು. ಅದನ್ನು ಊರಿನ ಔದಾರ್ಯ ಎಂದು ಹೊಗಳಲು ನನಗೆ ಮನಸ್ಸಿಲ್ಲ.

ಬೇತಮಂಗಲದ ಕೆರೆ ಈ ಸರಪಳಿಯ ದೊಡ್ಡ ಕೊಂಡಿ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಪಾಲಾರ್‌ಗೆ ಅಡ್ಡ ಹಾಕಿದ ಈ ಕೆರೆ ಹತ್ತನೇ ಶತಮಾನದಲ್ಲಿ ಒಡೆದಾಗ ನೊಳಂಬರು ಕಟ್ಟಿಸಿದರು, ಮತ್ತೆ ಒಡೆದಾಗ ಹನ್ನೆರಡನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಕಟ್ಟಿಸಿದ. ಯಾರು ಮೊದಲು ಕಟ್ಟಿದರು ಎನ್ನುವುದಕ್ಕಿಂತ ಯಾರು ರಿಪೇರಿ ಮಾಡಿದರು ಎಂದು ಕಲ್ಲಿನಲ್ಲಿ ಬರೆಸುವ ಊರು ಅದು. ಮೈಸೂರಿನ ಚೀಫ್ ಎಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲಿ ಸಂಸ್ಥಾನದ ಕೆರೆಗಳನ್ನು ನೋಡಿ, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಒಳ್ಳೆಯ ಬುದ್ಧಿವಂತನೇ ಬೇಕು ಎಂಬರ್ಥದ ಮಾತು ಬರೆದ. ಅವಿಭಜಿತ ಕೋಲಾರ ಜಿಲ್ಲೆಯೊಂದರಲ್ಲೇ ನಾಲ್ಕು ಸಾವಿರಕ್ಕೂ ಮಿಕ್ಕಿ ಕೆರೆಗಳು. ಅಂದರೆ ಪಾಲಾರ್‌ನ ಮೇಲ್ಭಾಗದಲ್ಲಿ ನದಿ ಇದೆ, ಅದರ ಮೇಲೆ ಕೆರೆಗಳಿವೆ ಎಂದು ಹೇಳುವುದು ತಪ್ಪು. ಅಲ್ಲಿ ಕೆರೆಗಳೇ ನದಿ.

ಇನ್ನು ರೈನ್. ಅದೂ ಒಂದು ಕಾಲಕ್ಕೆ ಇಷ್ಟ ಬಂದಂತೆ ಹರಿದ ನದಿಯೇ. ಬಾಸೆಲ್‌ನ ಕೆಳಗೆ ಅದು ನೂರಾರು ಕವಲಾಗಿ, ದ್ವೀಪ ಮಾಡಿ, ಊರುಗಳನ್ನು ನುಂಗಿ ಹರಿಯುತ್ತಿತ್ತು. ಯೋಹಾನ್ ಗಾಟ್‌ಫ್ರೀಡ್ ಟುಲ್ಲಾ ಎಂಬ ಎಂಜಿನಿಯರ್ 1817ರಲ್ಲಿ ಅದನ್ನು ನೇರ ಮಾಡಲು ಹೊರಟ. ಕೆಲಸ ಮುಗಿದದ್ದು ಅವನು ಸತ್ತು ಅರ್ಧ ಶತಮಾನ ಆಗುವ ಹೊತ್ತಿಗೆ, 1876ರಲ್ಲಿ. ಬಾಸೆಲ್‌ನಿಂದ ಬಿಂಗೆನ್‌ವರೆಗಿನ ನದಿ ಅಷ್ಟರಲ್ಲಿ 81 ಕಿಲೋಮೀಟರ್ ಗಿಡ್ಡವಾಗಿತ್ತು. ನೇರವಾದ ನದಿ ವೇಗ ಪಡೆಯಿತು, ತನ್ನ ತಳವನ್ನೇ ಕೊರೆಯತೊಡಗಿತು. ಇಪ್ಪತ್ತನೇ ಶತಮಾನದಲ್ಲಿ ಅಣೆಕಟ್ಟು ಹಾಕಿ ಹಡಗು ಹತ್ತಿಸಿ ಇಳಿಸುವ ಲಾಕ್‌ಗಳನ್ನು ಕಟ್ಟಿದರು. ಮೊದಲನೆಯದು 1932ರ ಕೆಂಬ್ಸ್, ಹತ್ತನೆಯದೂ ಕೊನೆಯದೂ 1977ರ ಇಫೆಟ್ಸ್‌ಹೈಮ್. ಲಾಕ್ ಎಂದರೆ ಎರಡು ಬಾಗಿಲ ನಡುವಿನ ತೊಟ್ಟಿ. ಹಡಗು ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ನೀರು ತುಂಬಿಸಿದರೆ ಹಡಗು ಮೇಲೇಳುತ್ತದೆ, ಬಸಿದರೆ ಇಳಿಯುತ್ತದೆ. ಇಳಿಜಾರನ್ನು ಮೆಟ್ಟಿಲು ಮಾಡುವ ಉಪಾಯ. ನಮ್ಮ ಕೆರೆ ಸರಪಳಿಯ ಉಪಾಯವೂ ಅದೇ. ಅವರ ಮೆಟ್ಟಿಲಲ್ಲಿ ಹಡಗು ಇಳಿಯುತ್ತದೆ, ನಮ್ಮ ಮೆಟ್ಟಿಲಲ್ಲಿ ನೀರು ಇಳಿಯುತ್ತದೆ. ಲಾಕ್ ಕಾಯುವವನನ್ನು ಮುಳಬಾಗಿಲಿಗೆ ಕರೆತಂದರೆ ನೀರುಗಂಟಿಯ ಕೆಲಸ ಅರ್ಥ ಮಾಡಿಕೊಳ್ಳಲು ಅವನಿಗೆ ಒಂದು ಸಂಜೆ ಸಾಕು.

ಇಫೆಟ್ಸ್‌ಹೈಮ್‌ನಿಂದ ಕೆಳಗೆ ಮುಖ್ಯ ಹಾದಿಯಲ್ಲಿ ಲಾಕ್ ಇಲ್ಲ. ಅಲ್ಲಿ ನದಿ ಇನ್ನೂ ತಳ ಕೊರೆಯುತ್ತಲೇ ಇದೆ. ಅದಕ್ಕಾಗಿ ಜರ್ಮನಿಯವರು ವರ್ಷವೂ ಲಕ್ಷಾಂತರ ಟನ್ ಜಲ್ಲಿ ತಂದು ನದಿಗೆ ಸುರಿಯುತ್ತಾರೆ. ಈ ಸಂಗತಿ ಓದಿದಾಗ ಕೋಲಾರದವನಿಗೆ ತಲೆ ತಿರುಗದೆ ಇರದು. ನಾವು ಪಾಲಾರ್ ತಳದ ಮರಳನ್ನು ಲಾರಿಗಟ್ಟಲೆ ತುಂಬಿ ಬೆಂಗಳೂರಿಗೆ ಕಳಿಸಿದೆವು. ಅದು ಮುಗಿದ ಮೇಲೆ ಕೆರೆಯಂಗಳದ ಮಣ್ಣನ್ನೇ ತೊಳೆದು ಫಿಲ್ಟರ್ ಮರಳು ಮಾಡಿದೆವು.

ರೈನ್ ದಂಡೆಯಲ್ಲಿ ಕಾನ್‌ಸ್ಟಾನ್ಸ್ ಸೇತುವೆಯಿಂದ ಸೊನ್ನೆ ಎಣಿಸಿ, ಹಾಲೆಂಡಿನ ಸಮುದ್ರದ ಬಾಯಿಯವರೆಗೆ ಸಾವಿರದ ಮೂವತ್ತು ಚಿಲ್ಲರೆ ಕಿಲೋಮೀಟರಿಗೂ ಬಿಳಿ ಫಲಕ ನಿಲ್ಲಿಸಿದ್ದಾರೆ. ಈ ಹಾದಿಯಲ್ಲಿ ಎಲ್ಲ ಹಡಗಿನವರೂ ಕಣ್ಣಿಡುವ ಊರು ಕೌಬ್. ಅಲ್ಲಿ ಬಂಡೆಗಳ ನಡುವೆ ನದಿ ಇಕ್ಕಟ್ಟು, ಆಳ ಕಡಿಮೆ. ನೀರಿನ ಮಟ್ಟ ಅಳೆಯುವ ಗೇಜು ಅಲ್ಲಿದೆ. ಗೇಜು ತೋರಿಸುವ ಅಂಕಿಗೆ ಸುಮಾರು 112 ಸೆಂಟಿಮೀಟರ್ ಕೂಡಿಸಿದರೆ ಹಡಗಿಗೆ ಸಿಗುವ ಆಳ. 2018ರ ಅಕ್ಟೋಬರಿನಲ್ಲಿ ಗೇಜು 25 ಸೆಂಟಿಮೀಟರಿಗೆ ಬಿತ್ತು. ಸರಕು ಹಡಗುಗಳು ಕಾಲು ಭಾಗ ಹೇರಿಕೊಂಡು ಹೊರಟವು, ಲುಡ್‌ವಿಗ್‌ಶಾಫೆನ್‌ನ ದೈತ್ಯ ರಾಸಾಯನಿಕ ಕಾರ್ಖಾನೆ ಉತ್ಪಾದನೆ ತಗ್ಗಿಸಬೇಕಾಯಿತು. 2022ರ ಆಗಸ್ಟಿನಲ್ಲಿ ಮತ್ತೆ ಅದೇ ಪಾಡು. ಒಂದು ಗೇಣು ನೀರಿನ ಬೆಲೆ ಏನು ಎಂದು ಜರ್ಮನಿಯ ಪತ್ರಿಕೆಗಳು ಮುಖಪುಟದಲ್ಲಿ ಬರೆದ ದಿನಗಳವು. ಕೋಡಿ ಕಲ್ಲಿಗೆ ಹೊಡೆದಾಡಿಕೊಂಡು ಕೋರ್ಟು ಹತ್ತಿದ ನಮ್ಮ ಹಿರಿಯರಿಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ.

1868 ಮತ್ತು 1892

ಕೌಬ್ ಎದುರು ನದಿಯ ನಡುಗಡ್ಡೆಯಲ್ಲಿ ಹಡಗಿನ ಆಕಾರದ ಒಂದು ಕೋಟೆ ನಿಂತಿದೆ. ಅದು ಕಾವಲಿಗೆ ಕಟ್ಟಿದ್ದಲ್ಲ, ಸುಂಕಕ್ಕೆ. ರೈನ್ ಉದ್ದಕ್ಕೂ ಅಂಥ ಸುಂಕದ ಕಟ್ಟೆಗಳಿದ್ದವು. ಒಬ್ಬೊಬ್ಬ ಪಾಳೇಗಾರನದು ಒಂದೊಂದು. 1815ರ ವಿಯೆನ್ನಾ ಸಮಾವೇಶದಲ್ಲಿ ರೈನ್ ಸಂಚಾರಕ್ಕೆ ಒಂದು ಜಂಟಿ ಆಯೋಗ ಹುಟ್ಟಿತು. 1868ರಲ್ಲಿ ಮಾನ್‌ಹೈಮ್ ಒಪ್ಪಂದ ಬಂದು, ನದಿಯಲ್ಲಿ ಹಾದುಹೋಗುವುದಕ್ಕೆ ಯಾರೂ ಸುಂಕ ಕೇಳುವಂತಿಲ್ಲ, ಯಾವ ದೇಶದ ಹಡಗಿಗೂ ತಡೆ ಹಾಕುವಂತಿಲ್ಲ ಎಂದಾಯಿತು. ಆ ಒಪ್ಪಂದ ತಿದ್ದುಪಡಿಗಳೊಂದಿಗೆ ಇಂದಿಗೂ ಜಾರಿಯಲ್ಲಿದೆ.

ಪಾಲಾರ್‌ಗೂ ಒಂದು ಒಪ್ಪಂದ ಇದೆ. 1892ರ ಫೆಬ್ರುವರಿ 18ರಂದು ಮದ್ರಾಸ್ ಸರ್ಕಾರ ಮತ್ತು ಮೈಸೂರು ಸಂಸ್ಥಾನ ಮಾಡಿಕೊಂಡದ್ದು. ಕಾವೇರಿ ಜಗಳದ ಸುದ್ದಿಯಲ್ಲಿ ಈ ಇಸವಿಯನ್ನು ಕೇಳುತ್ತಲೇ ಇರುತ್ತೇವೆ. ಆದರೆ ಅದು ಕಾವೇರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅದಕ್ಕೆ ಅಂಟಿಸಿದ ಪಟ್ಟಿಯಲ್ಲಿ ಹದಿನೈದು ನದಿಗಳಿವೆ. ಪಾಲಾರ್, ಎರಡೂ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿ ಎಲ್ಲ ಅದರಲ್ಲಿ ಬರುತ್ತವೆ. ಈ ನದಿಗಳ ಮೇಲೆ ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟುವಂತಿಲ್ಲ. ಹಳೆಯದನ್ನು ರಿಪೇರಿ ಮಾಡಬಹುದು, ಕೋಡಿಯನ್ನು ಏರಿಸಲೂಬಹುದು, ಆದರೆ ಹಿಂದೆ ನಿಲ್ಲಿಸುತ್ತಿದ್ದ ನೀರಿಗಿಂತ ಹೆಚ್ಚು ನಿಲ್ಲಿಸಬಾರದು ಅಥವಾ ಹಿಂದೆ ನೀರುಣ್ಣುತ್ತಿದ್ದ ಜಮೀನಿಗಿಂತ ಹೆಚ್ಚಿಗೆ ಉಣಿಸಬಾರದು. ರೈನ್ ಕಾನೂನು ಹಡಗನ್ನು ತಡೆಯಬೇಡ ಎನ್ನುತ್ತದೆ. ನಮ್ಮದು ನೀರನ್ನು ತಡೆಯಬೇಡ ಎನ್ನುತ್ತದೆ. ಯಾವುದು ಹಾದುಹೋಗುತ್ತದೋ ಅದಕ್ಕೆ ತಕ್ಕ ಕಾನೂನು.

ನನಗೆ ಈ ಒಪ್ಪಂದದಲ್ಲಿ ಎಲ್ಲಕ್ಕಿಂತ ಮುಖ್ಯ ಎನಿಸುವುದು ಒಂದು ವ್ಯಾಖ್ಯೆ. ಹೊಸ ಜಲಾಶಯ ಎಂದರೆ ಯಾವುದು? ಹಿಂದೆ ಇಲ್ಲದ್ದು ಹೊಸದು, ಸರಿ. ಅದರ ಜೊತೆಗೆ, ಒಮ್ಮೆ ಇದ್ದು, ಆಮೇಲೆ ಕೈಬಿಟ್ಟು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಉಪಯೋಗವಿಲ್ಲದೆ ಬಿದ್ದಿರುವುದೂ ಹೊಸದೇ! ನೊಳಂಬರ ಕಾಲದ ಕೆರೆಯಾದರೂ ಒಂದು ತಲೆಮಾರು ಹಾಳುಬಿಟ್ಟರೆ ಅದು ಲೆಕ್ಕಕ್ಕೆ ಇಲ್ಲ. ಊರಿನವರು ವರ್ಷ ವರ್ಷ ಹೂಳೆತ್ತಿ, ಏರಿಗೆ ಮಣ್ಣು ಹಾಕಿದರಷ್ಟೇ ಹಕ್ಕು ಜೀವಂತ. ನೂರ ಮೂವತ್ತು ವರ್ಷದ ಹಿಂದೆ ಈ ವಾಕ್ಯ ಬರೆದ ಗುಮಾಸ್ತ ಯಾರೋ, ನಮ್ಮನ್ನು ಚೆನ್ನಾಗಿ ಬಲ್ಲವನು. ಕಳೆದ ಮೂವತ್ತು-ನಲವತ್ತು ವರ್ಷದಲ್ಲಿ ಕೋಲಾರ ಜಿಲ್ಲೆಯಲ್ಲಿ ಎಷ್ಟು ರಾಜಕಾಲುವೆಗಳು ಲೇಔಟ್ ಆದವು, ಎಷ್ಟು ಕುಂಟೆಗಳು ಬಸ್‌ಸ್ಟ್ಯಾಂಡ್ ಆದವು ಎಂದು ಊರೂರಿನವರೂ ಲೆಕ್ಕ ಕೊಡಬಲ್ಲರು.

ಈ ಕಾಗದ ಹಳತಾಗಿಲ್ಲ. ದಕ್ಷಿಣ ಪಿನಾಕಿನಿಯ ಉಪನದಿ ಮಾರ್ಕಂಡೇಯಕ್ಕೆ ಯರಗೋಳ್ ಬಳಿ ಅರ್ಧ ಟಿಎಂಸಿಯ ಅಣೆಕಟ್ಟು ಕಟ್ಟಲು ಹೊರಟಾಗ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹಿಡಿದುಕೊಂಡು ಹೋದದ್ದು ಇದನ್ನೇ. 2019ರ ನವೆಂಬರಿನಲ್ಲಿ ಕೋರ್ಟು ತಡೆ ಕೊಡಲು ಒಪ್ಪಲಿಲ್ಲ, ಅಣೆಕಟ್ಟು ಎದ್ದಿತು. ಕೋಲಾರ, ಮಾಲೂರು, ಬಂಗಾರಪೇಟೆಯ ನಲ್ಲಿಗಳಿಗಾಗಿ. ಪಾಲಾರ್‌ನಲ್ಲಿ ತಮಿಳುನಾಡಿನ ಜಗಳ ಈಚೆಗೆ ಆಂಧ್ರದ ಜೊತೆ. ಕುಪ್ಪಂ ಸೀಮೆಯ 33 ಕಿಲೋಮೀಟರಿನಲ್ಲಿ ಸಾಲುಸಾಲು ಚೆಕ್‌ಡ್ಯಾಂ, ಅವುಗಳ ಎತ್ತರ ಏರಿಸಿದರು ಎಂಬ ತಕರಾರು.

ಕೆಳಗಿನವರ ಭಯಕ್ಕೆ ಇನ್ನೊಂದು ಮುಖವೂ ಇದೆ. 1903ರ ನವೆಂಬರಿನಲ್ಲಿ ಮೈಸೂರು ಸೀಮೆಯ ಕೆರೆಗಳು ಒಂದರ ಹಿಂದೊಂದು ಒಡೆದು ಪಾಲಾರ್ ಉಕ್ಕಿತು. ವಾಣಿಯಂಬಾಡಿಯಲ್ಲಿ ಸುಮಾರು ಇನ್ನೂರು ಜನ ಕೊಚ್ಚಿಹೋದರು. ಮೆಟ್ಟಿಲು ಕಟ್ಟಿದ ನದಿಯ ಅಪಾಯ ಅದು: ಮೇಲಿನ ಮೆಟ್ಟಿಲು ಕುಸಿದರೆ ಅದರ ನೀರೆಲ್ಲ ಎರಡನೆಯದರ ಮೇಲೆ, ಎರಡೂ ಸೇರಿ ಮೂರನೆಯದರ ಮೇಲೆ. 2021ರ ನವೆಂಬರಿನಲ್ಲಿ ಮತ್ತೆ ಅಂಥ ಮಳೆ ಬಂತು. ಕೋಲಾರದ ಕೆರೆಗಳು ಎಷ್ಟೋ ವರ್ಷಗಳ ಮೇಲೆ ಕೋಡಿ ಬಿದ್ದವು, ಬೇತಮಂಗಲ ತುಂಬಿ ಹರಿಯಿತು, ವೇಲೂರಿನ ಮರಳಿನ ಮೇಲೆ ನದಿ ಎರಡೂ ದಂಡೆ ಹಿಡಿದು ನುಗ್ಗಿತು. ಇಲ್ಲಿ ಊರೂರಲ್ಲಿ ಗಂಗಮ್ಮನ ಪೂಜೆ, ತೆಪ್ಪೋತ್ಸವ. ಡ್ರಮ್ಮು, ಬಿದಿರು, ಬಾಳೆಕಂಬ, ಸೀರಿಯಲ್ ಸೆಟ್ಟು ಕಟ್ಟಿದ ತೆಪ್ಪದಲ್ಲಿ ಅಮ್ಮನನ್ನು ಕೂರಿಸಿ ಕೆರೆ ಸುತ್ತಿಸಿದರು. ಅವತ್ತು ಪಾಲಾರ್ ದೋಣಿ ಹೊತ್ತಿತು ಎನ್ನಲು ಅಡ್ಡಿಯಿಲ್ಲ.

ಬೇರೆ ನದಿಗಳ ನೀರು

ಪಾಲಾರ್ ನೀರನ್ನು ಗದ್ದೆಯಿಂದ ಕಿತ್ತು ಬೇರೆ ಕೆಲಸಕ್ಕೆ ಹಚ್ಚಿದ ಮೊದಲ ದೊಡ್ಡ ಗಿರಾಕಿ ಕೆಜಿಎಫ್. 1880ರಿಂದ ಜಾನ್ ಟೇಲರ್ ಕಂಪನಿ ಚಿನ್ನ ತೋಡತೊಡಗಿದ ಮೇಲೆ ಗಣಿ ಊರು ಬೆಳೆಯಿತು, ಶಿವನಸಮುದ್ರದಿಂದ 1902ರಲ್ಲಿ ಕರೆಂಟು ಬಂತು, ನೀರು ಬೇತಮಂಗಲದಿಂದ. ಕಾವೇರಿ ದೀಪ ಕೊಟ್ಟಳು, ಪಾಲಾರ್ ನೀರು ಕೊಟ್ಟಿತು. 2001ರಲ್ಲಿ ಗಣಿ ಮುಚ್ಚಿತು. ಕೆಳಗೆ ವಾಣಿಯಂಬಾಡಿ, ಅಂಬೂರಿನ ಚರ್ಮದ ಕಾರ್ಖಾನೆಗಳ ವಿಷಯ ಬೇರೆಯೇ ಒಂದು ಪುರಾಣ. 1996ರಲ್ಲಿ ಸುಪ್ರೀಂ ಕೋರ್ಟು ಕೆಡಿಸಿದವರೇ ದಂಡ ತೆರಬೇಕು ಎಂಬ ತತ್ವ ಈ ದೇಶದ ಕಾನೂನಿನ ಭಾಗ ಎಂದು ಸಾರಿದ್ದು ಪಾಲಾರ್ ದಂಡೆಯ ಈ ಕಾರ್ಖಾನೆಗಳ ಮೊಕದ್ದಮೆಯಲ್ಲಿ.

ಈಗ ಹರಿವು ತಿರುಗಿದೆ. ಪಾಲಾರ್ ಕೆರೆಗಳಿಗೆ ಬೇರೆ ನದಿಗಳ ನೀರು ಬರುತ್ತಿದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರ್ ಗುರಿ ಇಟ್ಟುಕೊಂಡು, ಪಂಪು ಪೈಪಿನಲ್ಲಿ ಕೋಲಾರ ಸೀಮೆಯ 126 ಕೆರೆಗಳಿಗೆ ಕಳಿಸುವುದು. 2018ರ ಜೂನಿನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಮುಂದಿನ ತಿಂಗಳೇ ನೊರೆ ಎದ್ದು, ವಿಷಯ ಹೈಕೋರ್ಟು ಮೆಟ್ಟಿಲೇರಿ, ನಿಂತು, ಮತ್ತೆ ಶುರುವಾಯಿತು. ಮೂರನೇ ಹಂತದ ಶುದ್ಧೀಕರಣ ಆಗಲಿ ಎಂಬ ಕೂಗು ಇವತ್ತಿಗೂ ನಿಂತಿಲ್ಲ. ನಿಲ್ಲಬಾರದು ಕೂಡ. ಆದರೆ ಈ ನೀರಿನ ಜಾತಕ ನೋಡಿ: ಕಾವೇರಿಯಿಂದ ಬೆಂಗಳೂರಿಗೆ ಹತ್ತಿದ್ದು, ಅಲ್ಲಿಂದ ಬೆಳ್ಳಂದೂರು, ವರ್ತೂರಿನ ಮೂಲಕ ದಕ್ಷಿಣ ಪಿನಾಕಿನಿಗೆ ಇಳಿಯಬೇಕಾಗಿದ್ದದ್ದು, ಪೈಪು ಹತ್ತಿ ಪಾಲಾರ್ ಸೀಮೆಗೆ ಬರುತ್ತಿದೆ. ಮೂರು ನದಿಗಳ ಭೂಗೋಳ ಒಂದು ಪೈಪಿನೊಳಗೆ. ಅದರ ಮೇಲೆ ನೇತ್ರಾವತಿಯ ತೊರೆಗಳ ನೀರೂ ಬರಬೇಕಿದೆ. ಸಕಲೇಶಪುರದ ಎತ್ತಿನಹೊಳೆಯಿಂದ ವರ್ಷಕ್ಕೆ 24 ಟಿಎಂಸಿ ಎಂದು 2014ರಲ್ಲಿ ಅಡಿಗಲ್ಲು ಹಾಕಿದ ಯೋಜನೆಯ ಮೊದಲ ಹಂತ 2024ರ ಗೌರಿ ಹಬ್ಬದ ದಿನ ಉದ್ಘಾಟನೆ ಆಯಿತು. ಅಷ್ಟು ನೀರು ಅಲ್ಲಿ ಸಿಗದು, ಹತ್ತು ಟಿಎಂಸಿಯೂ ಇಲ್ಲ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಹೇಳಿತ್ತು. ಕೋಲಾರಕ್ಕೆ ಇನ್ನೂ ಹನಿ ಬಂದಿಲ್ಲ.

ನದಿಯನ್ನು ಬೆಟ್ಟ ದಾಟಿಸುವ ಹುಚ್ಚು ನಮ್ಮದೊಬ್ಬರದೇ ಅಲ್ಲ. ಫ್ರಾಂಕರ ದೊರೆ ಶಾರ್ಲಮೇನ್ 793ರಲ್ಲೇ ರೈನ್ ಸೀಮೆಯನ್ನೂ ಡ್ಯಾನ್ಯೂಬನ್ನೂ ಕೂಡಿಸಲು ಕಾಲುವೆ ತೋಡಿಸಿದ. ಬವೇರಿಯದ ದೊರೆ ಲುಡ್‌ವಿಗ್ 1846ಕ್ಕೆ ನೂರು ಲಾಕ್ ಕಟ್ಟಿ ಕಿರಿದಾದ ಕಾಲುವೆ ಮುಗಿಸಿದ. ಕೊನೆಗೆ 1992ರಲ್ಲಿ 171 ಕಿಲೋಮೀಟರಿನ ಮೈನ್-ಡ್ಯಾನ್ಯೂಬ್ ಕಾಲುವೆ ಬಂತು. ಹದಿನಾರು ಲಾಕ್‌ಗಳು ಹಡಗನ್ನು ಸಮುದ್ರಮಟ್ಟದಿಂದ 406 ಮೀಟರ್ ಎತ್ತರಕ್ಕೆ ಹತ್ತಿಸಿ ಆಚೆ ಇಳಿಸುತ್ತವೆ. ಉತ್ತರ ಸಮುದ್ರದಿಂದ ಕಪ್ಪು ಸಮುದ್ರಕ್ಕೆ ಹಡಗು ದಾರಿ ಎಂದು ಡಂಗುರ ಹೊಡೆದರು. ಹಡಗುಗಳು ನಿರೀಕ್ಷಿಸಿದಷ್ಟು ಬರಲಿಲ್ಲ. ಅದೇ ಕಾಲುವೆ ಸದ್ದಿಲ್ಲದೆ ಮಾಡುವ ಇನ್ನೊಂದು ಕೆಲಸ ಇದೆ. ಪಕ್ಕದ ಜಲಾಶಯಗಳ ವ್ಯವಸ್ಥೆಯೊಂದಿಗೆ ಕೂಡಿ ಅದು ವರ್ಷಕ್ಕೆ ಸುಮಾರು 15 ಕೋಟಿ ಘನ ಮೀಟರ್ ನೀರನ್ನು, ನಮ್ಮ ಲೆಕ್ಕದಲ್ಲಿ ಐದು ಟಿಎಂಸಿಗೂ ಸ್ವಲ್ಪ ಹೆಚ್ಚು, ತೇವದ ದಕ್ಷಿಣದಿಂದ ಒಣ ಉತ್ತರ ಬವೇರಿಯಕ್ಕೆ ದಾಟಿಸುತ್ತದೆ. ಹಡಗಿಗೆ ಕಟ್ಟಿದ್ದು ನೀರಿಗೆ ಒದಗಿತು.

ನಮ್ಮಲ್ಲಿ ನೀರು ಬಂದಮೇಲೆ ಏನಾಯಿತು ಎನ್ನುವುದೇ ನಿಜವಾದ ಕಥೆ. ಕೆ.ಸಿ. ವ್ಯಾಲಿ ನೀರನ್ನು ತೂಬಿನಿಂದ ನೇರ ಗದ್ದೆಗೆ ಬಿಡುವಂತಿಲ್ಲ. ಕೆರೆಯಲ್ಲಿ ನಿಂತು ಇಂಗಬೇಕು, ಅಂತರ್ಜಲ ಏರಬೇಕು, ಅಷ್ಟೆ. ಕೊಳಚೆಯ ನೀರಾದ್ದರಿಂದ ಆ ಎಚ್ಚರ ಸರಿಯೇ. ಸಾವಿರ ಅಡಿ ಕೊರೆದರೂ ಧೂಳು ಬರುತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಕಾಣಿಸಿತು, ಟೊಮೆಟೊ ಹಬ್ಬಿತು, ಕೋಲಾರದ ಮಂಡಿಯಿಂದ ಲಾರಿಗಳು ಹೊರಟವು. ಒಳ್ಳೆಯದೇ ಆಯಿತು. ಆದರೆ ತುಂಬಿದ ಕೆರೆಯ ತೂಬು ಮುಚ್ಚಿರುವಾಗ ನೀರುಗಂಟಿಗೆ ಕೆಲಸ ಇಲ್ಲ, ಇಂತಿಷ್ಟು ಕೊಳಗವೂ ಇಲ್ಲ. ಕೆರೆಯ ನೀರು ಊರಿನದು, ಬೋರಿನ ನೀರು ಬೋರು ಹಾಕಿಸಿದವನದು. ಹತ್ತು ಎಕರೆಯವನು ನಾಲ್ಕು ಪಾಯಿಂಟ್ ಕೊರೆಸುತ್ತಾನೆ, ಅರ್ಧ ಎಕರೆಯವನು ಅವನ ಪೈಪಿನ ಕಡೆ ನೋಡುತ್ತಾನೆ. ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ಈಗ ತೀರ್ಮಾನಿಸುವುದು ಆಟೋ ಸ್ಟಾರ್ಟರ್. ಬೆಸ್ಕಾಂನವರು ತ್ರೀಫೇಸ್ ಕೊಟ್ಟ ಗಳಿಗೆಗೆ ಅದು ತಾನೇ ಪಂಪು ಎಬ್ಬಿಸಿ, ಮಾಲೀಕನ ಮೊಬೈಲಿಗೆ ಒಂದು ಮೆಸೇಜು ಹಾಕುತ್ತದೆ.